ಹಳೇ ಲೇತ್ ಮನೆಗೆ ಬಂದ ಕಥೆ: ಹುಡುಕಾಟದಿಂದ ಮೊದಲ ಕಟ್‌ವರೆಗೆ

ಹೋದ ವಾರ ನಮ್ಮ ಶೆಡ್‌ನಲ್ಲಿ ಲೇತ್ (ಲೋಹದ ರಾಡನ್ನು ತಿರುಗಿಸುತ್ತಾ ಟೂಲ್‌ನಿಂದ ಕತ್ತರಿಸಿ ರೂಪ ಕೊಡುವ ಮೆಷಿನ್) ಮೊದಲ ಸಲ ಸರಿಯಾಗಿ ತಿರುಗಿತು. ಹುಡುಕಲು ಶುರು ಮಾಡಿ ಅವತ್ತಿಗೆ ಒಂಬತ್ತು ತಿಂಗಳು. ಏಳು ತಿಂಗಳು ಹುಡುಕಾಟಕ್ಕೇ ಹೋಯಿತು. ಉಳಿದ ಎರಡು ತಿಂಗಳು ಸಾಗಿಸುವುದು, ತೊಳೆಯುವುದು, ಕರೆಂಟ್ ಕೊಡುವುದು, ಲೆವೆಲ್ ಮಾಡುವುದು. ಎಲ್ಲಿ ಎಡವಿದೆ, ಎಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ ಅನ್ನುವುದೆಲ್ಲ ಇನ್ನೂ ಹಸಿಯಾಗಿ ನೆನಪಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮನೆಯಲ್ಲೇ ಒಂದು ಲೇತ್ ಇಟ್ಟುಕೊಳ್ಳಬೇಕು, ಹೊಸದಕ್ಕೆ ದುಡ್ಡು ಸಾಲದು ಅನ್ನುವವರಿಗೆ ಉಪಯೋಗಕ್ಕೆ ಬರಲಿ.

ನನಗೆ ಬೇಕಾಗಿದ್ದು ದೊಡ್ಡ ಕೆಲಸವೇನಲ್ಲ. ಬುಷ್, ಪಿನ್, ಸಣ್ಣ ಪುಲ್ಲಿ, ಒಂದೊಂದು ಸಲ ಥ್ರೆಡ್ ಹಾಕುವುದು. ಇಷ್ಟಕ್ಕೆ ಮೇಜಿನ ಮೇಲೆ ಕೂರುವ ಹೊಸ ಮಿನಿ ಲೇತ್ ಸಾಕಲ್ವಾ ಅಂತ ಮೊದಲು ಅಂದುಕೊಂಡಿದ್ದೆ. ಒಂದನ್ನು ಓಡಿಸಿಯೂ ನೋಡಿದೆ. ಅದರ ತೂಕವೇ 40 ಕೆ.ಜಿ. ಆಸುಪಾಸು. ಅಲ್ಯೂಮಿನಿಯಂ, ಹಿತ್ತಾಳೆ ಚೆನ್ನಾಗಿ ಕತ್ತರಿಸಿತು. 30 ಮಿ.ಮೀ. ದಪ್ಪದ ಕಬ್ಬಿಣದ ರಾಡಿಗೆ ಸ್ವಲ್ಪ ಆಳದ ಕಟ್ ಕೊಟ್ಟ ಕೂಡಲೇ ಮೆಷಿನ್ ಪೂರ್ತಿ ನಡುಗಿ, ರಾಡಿನ ಮೈಮೇಲೆ ಅಲೆ ಅಲೆಯಾಗಿ ಗುರುತು ಬಿತ್ತು. ಲೇತ್‌ನಲ್ಲಿ ತೂಕ ಅಂದರೆ ಸುಮ್ನೆ ಭಾರವಲ್ಲ, ಆ ಬೀಡಿನ (ಎರಕದ ಕಬ್ಬಿಣದ) ರಾಶಿಯೇ ಅದುರುವಿಕೆಯನ್ನು ನುಂಗಿಕೊಳ್ಳುವುದು. ಜಾಗ ಇಲ್ಲದವರಿಗೆ, ಮೇಲಿನ ಮಹಡಿಯಲ್ಲಿ ಇರುವವರಿಗೆ ಮಿನಿ ಲೇತ್ ಸರಿಯಾದ ಆಯ್ಕೆಯೇ. ನನಗೆ ನೆಲದ ಮೇಲೆ, ಕಾಂಕ್ರೀಟ್ ಹಾಕಿದ ಶೆಡ್ ಇತ್ತು. ಹಾಗಾಗಿ ಹಳೆಯದಾದರೂ ಪರವಾಗಿಲ್ಲ, ಭಾರದ ಮೆಷಿನ್ನೇ ಬೇಕು ಅಂತ ಗಟ್ಟಿ ಮಾಡಿಕೊಂಡೆ. 4½ ಅಡಿ ಬೆಡ್ (ಎಲ್ಲ ಭಾಗಗಳು ಕೂರುವ ಉದ್ದನೆಯ ಬೀಡಿನ ತಳ), ಸೆಂಟರ್ ಎತ್ತರ (ಬೆಡ್‌ನಿಂದ ರಾಡ್ ತಿರುಗುವ ನಡುಗೆರೆಯವರೆಗೆ) 6½ ಇಂಚು ಆಸುಪಾಸು, ತೂಕ ಸುಮಾರು 500 ಕೆ.ಜಿ. ಇದಕ್ಕಿಂತ ದೊಡ್ಡದು ಶೆಡ್ಡಿನ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಮೊದಲು ನೋಡಿದ ಮೆಷಿನ್ ಒಬ್ಬ ವ್ಯಾಪಾರಿಯ ಹತ್ತಿರ ಇತ್ತು. ದೂರದಿಂದಲೇ ಹೊಳೆಯುತ್ತಿತ್ತು. ಹಸಿರು ಬಣ್ಣ ಇನ್ನೂ ಕೈಗೆ ಅಂಟುವಷ್ಟು ಹೊಸದು. ಬೆಲೆ ಹೊಸ ಮೆಷಿನ್ನಿನ ಅರ್ಧದಷ್ಟು ಹೇಳಿದರು. ನನಗೆ ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡೋಣ ಅನ್ನಿಸಿತು. ಪುಣ್ಯಕ್ಕೆ ಜೊತೆಗೆ ಗೆಳೆಯನೊಬ್ಬ ಬಂದಿದ್ದ. ಅವನು ಫಿಟ್ಟರ್, ಇಪ್ಪತ್ತು ವರ್ಷದ ಅನುಭವ. "ಬಣ್ಣ ನೋಡ್ಬೇಡ. ಸ್ಯಾಡಲ್ ತಳ್ಳಿ ನೋಡು" ಅಂದ.

ಸ್ಯಾಡಲ್ ಅಂದರೆ ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಭಾಗ. ಅದು ಚಕ್ (ರಾಡನ್ನು ಹಿಡಿದು ತಿರುಗುವ ಹಿಡಿ) ಹತ್ತಿರ ಇದ್ದಾಗ ಹ್ಯಾಂಡ್‌ವೀಲ್ ಬೆಣ್ಣೆಯ ಹಾಗೆ ತಿರುಗಿತು. ಟೈಲ್‌ಸ್ಟಾಕ್ (ಬೆಡ್ಡಿನ ಇನ್ನೊಂದು ತುದಿಯಲ್ಲಿ ರಾಡಿಗೆ ಆಸರೆ ಕೊಡುವ ಭಾಗ) ಕಡೆಗೆ ಒಂದು ಅಡಿ ಹೋಗುತ್ತಿದ್ದಂತೆ ಬಿಗಿಯಾಯಿತು. ಇನ್ನೂ ಸ್ವಲ್ಪ ಹೋಗಿ ನಿಂತೇಬಿಟ್ಟಿತು. ಯಾಕೆ ಹೀಗೆ ಅಂತ ಗೆಳೆಯ ಅಲ್ಲೇ ಬಿಡಿಸಿ ಹೇಳಿದ. ಲೇತ್‌ನಲ್ಲಿ ಆಗುವ ಬಹುಪಾಲು ಕೆಲಸ ಗಿಡ್ಡ ಕೆಲಸ, ಚಕ್‌ನಿಂದ ಒಂದು ಗೇಣಿನ ಒಳಗೆ. ವರ್ಷಗಟ್ಟಲೆ ಸ್ಯಾಡಲ್ ಅಲ್ಲೇ ಓಡಾಡುತ್ತದೆ. ಬೀಡಿನ ಚೂರು, ಧೂಳು, ಕೂಲಂಟ್ ಎಲ್ಲ ಅಲ್ಲೇ ಬೀಳುತ್ತವೆ. ಬೆಡ್ ಸವೆಯುವುದು ಅಲ್ಲಿ. ಟೈಲ್‌ಸ್ಟಾಕ್ ಕಡೆ ಹೊಸದರ ಹಾಗೇ ಉಳಿದಿರುತ್ತದೆ. ಮಾರುವವರು ಚಕ್ ಹತ್ತಿರದ ಸಡಿಲು ಕಾಣಿಸಬಾರದು ಅಂತ ಗಿಬ್ (ಸ್ಲೈಡಿನ ಸಡಿಲು ತುಂಬುವ ಪಟ್ಟಿ) ಬಿಗಿ ಮಾಡಿದರೆ, ಸವೆಯದ ಕಡೆ ಸ್ಯಾಡಲ್ ಕಚ್ಚಿಕೊಳ್ಳುತ್ತದೆ. ಆಮೇಲೆ ಬೆಡ್ಡಿನ ವಿ ಆಕಾರದ ಏಣಿನ ಮೇಲೆ ಉಗುರು ಓಡಿಸಲು ಹೇಳಿದ. ಚಕ್ ಹತ್ತಿರ ಉಗುರಿಗೆ ಸ್ಪಷ್ಟವಾಗಿ ಒಂದು ಮೆಟ್ಟಿಲು ಸಿಕ್ಕಿತು.

"ಒಂದ್ಸಲ ಆನ್ ಮಾಡಿ ತೋರಿಸಿ" ಅಂದರೆ "ಇಲ್ಲಿ ತ್ರೀ ಫೇಸ್ ಇಲ್ಲ, ಆದ್ರೆ ಗ್ಯಾರಂಟಿ ಓಡುತ್ತೆ" ಅಂದರು ವ್ಯಾಪಾರಿ. ಓಡದ ಮೆಷಿನ್ ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಓಡುವ ಮೆಷಿನ್ನಿನ ಬೆಲೆ ಅದಕ್ಕೆ ಕೊಡಬೇಡಿ. ಬೆಡ್ ಮತ್ತೆ ಗ್ರೈಂಡ್ ಮಾಡಿಸುವ ಖರ್ಚು ವಿಚಾರಿಸಿದಾಗ ಅದು ಆ ಮೆಷಿನ್ ಬೆಲೆಗೆ ಹತ್ತಿರ ಹೋಯಿತು. ಬಿಟ್ಟು ಬಂದೆವು.

ಎರಡನೆಯದು ನಿಜವಾಗಿ ಒಳ್ಳೆಯದಿತ್ತು. ಎರಡು ದಿನ ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಎರಡನೇ ದಿನ ಸಂಜೆ ಫೋನ್ ಮಾಡಿದರೆ ಮಾರಾಟವಾಗಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ನೋಡಲು ಹೋಗುವಾಗ ಅಡ್ವಾನ್ಸ್ ಹಣ ಜೇಬಿನಲ್ಲೇ ಇಟ್ಟುಕೊಂಡು ಹೋಗತೊಡಗಿದೆ. ಮೂರನೆಯದಕ್ಕೆ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಗೇರ್‌ಗಳಿರುವ ಪೆಟ್ಟಿಗೆ) ಒಡೆದು ಬೆಸುಗೆ ಹಾಕಿದ್ದರು. ಫೋಟೋದಲ್ಲಿ ಅದು ಕಾಣಿಸಿರಲಿಲ್ಲ, ಅರ್ಧ ದಿನದ ಪ್ರಯಾಣ ವ್ಯರ್ಥವಾಯಿತು. ಹೋಗುವ ಮೊದಲೇ ಹೆಡ್‌ಸ್ಟಾಕಿನ ಹಿಂಭಾಗ, ಗೇರ್ ಬಾಗಿಲು ತೆಗೆದ ಒಳಭಾಗ, ಚಕ್ ಹತ್ತಿರದ ಬೆಡ್, ಈ ಮೂರರ ಫೋಟೋ ಕೇಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಅದೇ ಒಂದು ಉತ್ತರ.

ನಾಲ್ಕನೆಯ ಮೆಷಿನ್ ಒಬ್ಬ ಹಿರಿಯ ಟರ್ನರ್ ಅವರದು. ಕಣ್ಣು ಮಂಜಾಗಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ವರ್ಕ್‌ಶಾಪ್ ಮುಚ್ಚುತ್ತಿದ್ದಾರೆ ಅಂತ ಗೆಳೆಯನಿಗೆ ಯಾರೋ ಹೇಳಿದ್ದರು. ಹೋಗಿ ನೋಡಿದರೆ ಬಣ್ಣ ಅನ್ನುವುದೇ ಇರಲಿಲ್ಲ. ಎಣ್ಣೆ ಮತ್ತು ಧೂಳು ಸೇರಿ ಕಪ್ಪು ಮೇಣದಂತೆ ಎಲ್ಲ ಕಡೆ ಮೆತ್ತಿಕೊಂಡಿತ್ತು. ನನಗೆ ಮೊದಲ ನೋಟಕ್ಕೆ ಬೇಜಾರಾಯಿತು. ಗೆಳೆಯ ಮಾತ್ರ ಸಣ್ಣಗೆ ನಕ್ಕ. ಎಣ್ಣೆ ಕುಡಿದ ಮೆಷಿನ್ ಅಂದರೆ ಯಾರೋ ದಿನಾ ಎಣ್ಣೆ ಹಾಕಿದ್ದಾರೆ ಅಂತ ಅರ್ಥ.

ನೋಡಲು ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು ಅಂತ ಆ ಹೊತ್ತಿಗೆ ಗೊತ್ತಾಗಿತ್ತು. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಜೊತೆ ಒಂದು ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಸಾಧನ), ಮೈಕ್ರೋಮೀಟರ್, ಟಾರ್ಚ್, ಕಾಟನ್ ವೇಸ್ಟ್, ಅಳತೆ ಟೇಪ್, ಮತ್ತೆ 40 ಮಿ.ಮೀ. ದಪ್ಪದ ಒಂದು ತುಂಡು ಕಬ್ಬಿಣದ ರಾಡ್. ಮೊದಲು ಸ್ಪಿಂಡಲ್, ಅಂದರೆ ಚಕ್ ಹೊತ್ತು ತಿರುಗುವ ಶಾಫ್ಟ್, ನೋಡಿದೆವು. ಡಯಲ್ ಗೇಜ್ ಅನ್ನು ಸ್ಪಿಂಡಲ್ ಮೂತಿಯ ಮೇಲೆ ಇಟ್ಟು, ಚಕ್‌ನಲ್ಲಿ ರಾಡ್ ಹಿಡಿಸಿ ಅದನ್ನು ಮೇಲಕ್ಕೆತ್ತಿದೆವು. ಮುಳ್ಳು 0.02 ಮಿ.ಮೀ. ಅಲುಗಿತು. ಹಳೆಯ ಮೆಷಿನ್‌ಗೆ ಇದು ಒಳ್ಳೆಯ ಲಕ್ಷಣ. ಆಮೇಲೆ ಸ್ಪಿಂಡಲ್ ಒಳಗಿನ ಟೇಪರ್ (ಒಳಕ್ಕೆ ಕಿರಿದಾಗುತ್ತ ಹೋಗುವ ತೂತು) ಒರೆಸಿ, ಅಲ್ಲಿಗೆ ಗೇಜ್ ತಾಗಿಸಿ ಕೈಯಲ್ಲೇ ಒಂದು ಸುತ್ತು ತಿರುಗಿಸಿದೆವು. ಮುಳ್ಳು 0.01 ಕೂಡ ದಾಟಲಿಲ್ಲ. ಈ ಪರೀಕ್ಷೆಯನ್ನು ಚಕ್‌ನಲ್ಲಿ ಹಿಡಿದ ರಾಡಿನ ಮೇಲೆ ಮಾಡಿ ಗಾಬರಿಯಾಗಬೇಡಿ. ಹಳೇ ಚಕ್ ಓರೆ ಹಿಡಿದರೆ ಅದು ಚಕ್ ತಪ್ಪು, ಸ್ಪಿಂಡಲ್ ತಪ್ಪಲ್ಲ. ಚಕ್ ಬೇರೆ ಹಾಕಬಹುದು.

ಟೂಲನ್ನು ರಾಡಿನ ಕಡೆಗೆ ಒಳಗೆ ಹೊರಗೆ ಸರಿಸುವ ಕ್ರಾಸ್ ಸ್ಲೈಡ್ ಹಿಡಿಕೆ ಕಾಲು ಸುತ್ತು ಖಾಲಿ ತಿರುಗುತ್ತಿತ್ತು. ನಾನು ಮುಖ ಸಣ್ಣ ಮಾಡಿದೆ. ಅದು ಒಳಗಿನ ಗನ್ ಮೆಟಲ್ ನಟ್ ಸವೆದದ್ದು, ಬೇರೆ ಮಾಡಿಕೊಳ್ಳಬಹುದು, ಅಲ್ಲಿಯವರೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಟೂಲ್ ತಂದರೆ ಅಳತೆ ತಪ್ಪುವುದಿಲ್ಲ ಅಂತ ಗೆಳೆಯ ಸಮಾಧಾನ ಹೇಳಿದ. ಥ್ರೆಡ್ ಹಾಕುವಾಗ ಸ್ಯಾಡಲ್ ಎಳೆಯುವ ಉದ್ದ ಸ್ಕ್ರೂಗೆ ಲೀಡ್ ಸ್ಕ್ರೂ ಅನ್ನುತ್ತಾರೆ, ಸ್ಯಾಡಲನ್ನು ಅದಕ್ಕೆ ಕಚ್ಚಿಸುವುದು ಹಾಫ್ ನಟ್. ಹಾಫ್ ನಟ್ ಹಾಕಿ ಸ್ಯಾಡಲ್ ಹಿಂದೆ ಮುಂದೆ ಅಲುಗಿಸಿದೆವು, ಸ್ವಲ್ಪ ಪ್ಲೇ ಇತ್ತು. ಲೀಡ್ ಸ್ಕ್ರೂನ ಥ್ರೆಡ್ ಚಕ್ ಕಡೆ ಮತ್ತು ಟೈಲ್‌ಸ್ಟಾಕ್ ಕಡೆ ಎಷ್ಟು ದಪ್ಪ ಇದೆ ಅಂತ ಹೋಲಿಸಿದೆವು. ಬ್ಯಾಕ್ ಗೇರ್ (ಸ್ಪಿಂಡಲ್ ವೇಗ ತಗ್ಗಿಸುವ ಗೇರ್) ಹಲ್ಲುಗಳನ್ನು ಟಾರ್ಚ್ ಬಿಟ್ಟು ಒಂದೊಂದಾಗಿ ಎಣಿಸಿದಂತೆ ನೋಡಿದೆವು. ಕೊನೆಗೆ ಬೆಡ್. ಉಗುರಿಗೆ ಮೆಟ್ಟಿಲು ಸಿಕ್ಕಿತು, ಆದರೆ ತೀರಾ ಸಣ್ಣದು. ಗಿಬ್ ಸಡಿಲ ಮಾಡದೆಯೇ ಸ್ಯಾಡಲ್ ಆ ತುದಿಯಿಂದ ಈ ತುದಿಗೆ ಹೋಯಿತು.

ಆಮೇಲೆ ಯಜಮಾನರೇ ಮೆಷಿನ್ ಆನ್ ಮಾಡಿದರು. ಎಲ್ಲ ಸ್ಪೀಡಿನಲ್ಲೂ ಓಡಿಸಿ ಸದ್ದು ಕೇಳಿಸಿದರು. ಗೇರ್ ಸದ್ದು ಇತ್ತು, ಆದರೆ ಒಂದೇ ಸಮ. ನಡುನಡುವೆ ಟಕ್ ಟಕ್ ಅಂತ ಬಂದರೆ ಹಲ್ಲು ಮುರಿದಿದೆ ಅಂತ. ನಾವು ತಂದ ರಾಡನ್ನೇ ಹಿಡಿಸಿ, 100 ಮಿ.ಮೀ. ಹೊರಗೆ ಬಿಟ್ಟು, ಟೈಲ್‌ಸ್ಟಾಕ್ ಆಸರೆ ಇಲ್ಲದೆ ತೆಳು ಕಟ್ ಹೊಡೆದರು. ಎರಡು ತುದಿ ಅಳೆದರೆ ವ್ಯತ್ಯಾಸ 0.02 ಮಿ.ಮೀ. ಅವರು ಕನ್ನಡಕ ಮೇಲೆ ಸರಿಸಿ ಬೆರಳಿನಿಂದ ರಾಡ್ ಸವರಿ, "ನಲವತ್ತು ವರ್ಷ ಅನ್ನ ಹಾಕಿದೆ ಕಣಪ್ಪಾ. ಗುಜರಿಗೆ ಮಾತ್ರ ಹಾಕ್ಬೇಡ" ಅಂದರು. ನನಗೆ ಗಂಟಲು ಕಟ್ಟಿತು. "ಇಲ್ಲ ಯಜಮಾನ್ರೆ, ದಿನಾ ಓಡಿಸ್ತೀನಿ" ಅಂದೆ. ಬೆಲೆ ಹೊಸ ಮೆಷಿನ್ನಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ನಾನು ಚೌಕಾಸಿ ಮಾಡಲಿಲ್ಲ.

ಚೌಕಾಸಿ ಮಾಡದಿದ್ದರೂ ಒಂದು ವಿಷಯ ಕೇಳಬೇಕಿತ್ತು, ಕೇಳಲಿಲ್ಲ. ಚೇಂಜ್ ಗೇರ್‌ಗಳು. ಥ್ರೆಡ್ ಕತ್ತರಿಸಲು ಪಕ್ಕದಲ್ಲಿ ಬದಲಾಯಿಸಿ ಹಾಕುವ ಗೇರ್ ಸೆಟ್ ಬೇಕು. ಮೂಲೆಯಲ್ಲಿ ಒಂದು ಡಬ್ಬದಲ್ಲಿ ಗೇರ್‌ಗಳಿದ್ದವು, ಎಲ್ಲ ಇವೆ ಅಂತ ನಂಬಿದೆ. ಮನೆಗೆ ಬಂದು ಎಣಿಸಿದರೆ ಐದು ಕಡಿಮೆ. ಅದರಲ್ಲಿ 127 ಹಲ್ಲಿನದೂ ಒಂದು. ಈ 127 ಯಾಕೆ ಮುಖ್ಯ ಅಂದರೆ, ಒಂದು ಇಂಚು 25.4 ಮಿ.ಮೀ. 25.4 ಅನ್ನು 5ರಿಂದ ಗುಣಿಸಿದರೆ 127. ಇಂಚಿನ ಲೀಡ್ ಸ್ಕ್ರೂ ಇರುವ ಮೆಷಿನ್‌ನಲ್ಲಿ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಬರಬೇಕಾದರೆ ಈ ಗೇರ್ ಬೇಕೇ ಬೇಕು. ನನ್ನ ಲೀಡ್ ಸ್ಕ್ರೂ ಇಂಚಿಗೆ 4 ಥ್ರೆಡ್‌ನದು, ಅಂದರೆ ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ) 6.35 ಮಿ.ಮೀ. 1.5 ಪಿಚ್ ಬೇಕಾದರೆ ಮೇಲೆ (ಸ್ಪಿಂಡಲ್ ಕಡೆ) 30, ಕೆಳಗೆ (ಲೀಡ್ ಸ್ಕ್ರೂ ಕಡೆ) 127 ಹಾಕಬೇಕು. ಅದು ಸಿಗದಿದ್ದರೆ 63 ಹಲ್ಲಿನ ಗೇರ್‌ನಿಂದಲೂ ಲೆಕ್ಕ ಹೊಂದಿಸಬಹುದು. ತಪ್ಪು ಎಂಟು ಸಾವಿರಕ್ಕೆ ಒಂದರಷ್ಟು, 100 ಮಿ.ಮೀ. ಉದ್ದದಲ್ಲಿ ಸುಮಾರು 0.0125 ಮಿ.ಮೀ. ಮನೆಕೆಲಸದ ಬೋಲ್ಟಿಗೆ ಧಾರಾಳ ಸಾಕು. ನೀವು ಮಾತ್ರ ದುಡ್ಡು ಕೊಡುವ ಮೊದಲೇ ಗೇರ್‌ಗಳನ್ನು ಸಾಲಾಗಿ ಇಟ್ಟು ಹಲ್ಲಿನ ಸಂಖ್ಯೆ ಓದಿ. ಜೊತೆಗೆ ಬರಬೇಕಾದ ಸಾಮಾನು ಹೀಗೆ: ಟ್ರೂ ಚಕ್ (ಹಿಡಿಯುವ ಮೂರು ದವಡೆ, ಅಂದರೆ ಜಾ, ಒಟ್ಟಿಗೇ ಸರಿಯುವುದು), ಡಾಗ್ ಚಕ್ (ನಾಲ್ಕು ಜಾ ಬೇರೆ ಬೇರೆಯಾಗಿ ಸರಿಯುವುದು), ಎರಡೂ ಚಕ್‌ಗಳ ಕೀ, ಟ್ರೂ ಚಕ್ಕಿನ ಹೊರ ಜಾ ಸೆಟ್, ಫೇಸ್ ಪ್ಲೇಟ್, ಸ್ಟೆಡಿ (ಉದ್ದ ರಾಡಿಗೆ ನಡುವೆ ಆಸರೆ ಕೊಡುವುದು), ಸೆಂಟರ್‌ಗಳು. ಸ್ಟೆಡಿ ಬಿಡಿಯಾಗಿ ನಿಮ್ಮ ಬೆಡ್ಡಿಗೆ ಹೊಂದುವಂಥದ್ದು ಸಿಗುವುದು ಬಹಳ ಕಷ್ಟ. ಡಬ್ಬದ ತಳ, ಬೆಂಚಿನ ಕೆಳಗೆ, ಗೋಡೆಯ ಮೊಳೆಗೆ ನೇತು ಹಾಕಿದ್ದು, ಎಲ್ಲ ಕಡೆ ಒಮ್ಮೆ ಯಜಮಾನರ ಜೊತೆಗೇ ಹುಡುಕಿ. ಆ ಐದು ಗೇರ್‌ಗಳಲ್ಲಿ ಎರಡು ಆಮೇಲೆ ಅವರ ಬೆಂಚಿನ ಕೆಳಗೇ ಸಿಕ್ಕಿದವು.

ಕಾಗದದ ಕೆಲಸ ಚಿಕ್ಕದು, ಆದರೆ ಬಿಡಬೇಡಿ. ಲೇತ್‌ಗೆ ವಾಹನದ ಹಾಗೆ ನೋಂದಣಿ ಪುಸ್ತಕ ಇರುವುದಿಲ್ಲ. ಯಾರದು ಅನ್ನುವುದಕ್ಕೆ ಬರೆದ ಕಾಗದವೇ ಆಧಾರ. ನಾವು ಒಂದು ಮಾರಾಟದ ಪತ್ರ ಬರೆದುಕೊಂಡೆವು. ಮೆಷಿನ್ ವಿವರ, ಸೀರಿಯಲ್ ನಂಬರ್, ಜೊತೆಗೆ ಕೊಟ್ಟ ಸಾಮಾನಿನ ಪಟ್ಟಿ, ಹಣ, ತಾರೀಖು, ಇದರ ಮೇಲೆ ಯಾವ ಸಾಲವೂ ಇಲ್ಲ ಅನ್ನುವ ಒಂದು ಸಾಲು, ಇಬ್ಬರ ಸಹಿ. ವರ್ಕ್‌ಶಾಪ್‌ಗಳ ಮೆಷಿನ್ ಎಷ್ಟೋ ಸಲ ಸಾಲಕ್ಕೆ ಅಡವು ಇರುತ್ತವೆ, ಅದಕ್ಕೇ ಆ ಸಾಲು. ಸೀರಿಯಲ್ ನಂಬರ್ ಹುಡುಕಲು ಅರ್ಧ ಗಂಟೆ ಹಿಡಿಯಿತು. ಎಷ್ಟೋ ಮೆಷಿನ್‌ಗಳಲ್ಲಿ ಅದು ಟೈಲ್‌ಸ್ಟಾಕ್ ತುದಿಯಲ್ಲಿ ಬೆಡ್ಡಿನ ಮೇಲೆ ಹೊಡೆದಿರುತ್ತದೆ. ಇಲ್ಲೂ ಅಲ್ಲೇ ಇತ್ತು, ಕಪ್ಪು ಮೇಣದ ಕೆಳಗೆ. ಸಾಗಿಸುವಾಗ ಲಾರಿಯವರ ಕೈಯಲ್ಲಿ ಆ ಪತ್ರದ ಒಂದು ಪ್ರತಿ ಕೊಟ್ಟಿದ್ದೆ.

ಸಾಗಿಸುವ ದಿನ ನನಗೆ ಎಲ್ಲಕ್ಕಿಂತ ಭಯವಾದ ದಿನ. ಲೇತ್ ತಲೆಭಾರದ ವಸ್ತು. ಕಾಲು ಕಿರಿದು, ಭಾರವೆಲ್ಲ ಮೇಲೆ, ಅದರಲ್ಲೂ ಹೆಡ್‌ಸ್ಟಾಕ್ ಕಡೆಗೆ ಮತ್ತು ಹಿಂದೆ ಮೋಟಾರ್ ಕಡೆಗೆ. ಒಂದು ಸಲ ವಾಲಿದರೆ ಹಿಡಿದು ನಿಲ್ಲಿಸಲು ಮನುಷ್ಯರಿಂದ ಆಗುವುದಿಲ್ಲ. ಹಿಡಿಯಲು ಹೋಗಲೇಬಾರದು, ದೂರ ಸರಿಯಬೇಕು. ಇದನ್ನು ಸಹಾಯಕ್ಕೆ ಬಂದ ಎಲ್ಲರಿಗೂ ಮೊದಲೇ ಹೇಳಿಡಿ.

ಹಿಂದಿನ ದಿನವೇ ಹೋಗಿ ಮೋಟಾರ್, ಟೈಲ್‌ಸ್ಟಾಕ್, ಗೇರ್‌ಗಳು ಬಿಚ್ಚಿದೆವು. ಬಿಚ್ಚುವ ಮೊದಲು ಗೇರ್ ಜೋಡಣೆ, ವೈರ್ ಜೋಡಣೆ ಎರಡರದ್ದೂ ಫೋಟೋ. ಚಕ್ ಮಾತ್ರ ಬರಲಿಲ್ಲ. ಸ್ಪಿಂಡಲ್ ಮೂತಿಗೆ ಥ್ರೆಡ್‌ನಿಂದ ಹಾಕುವ ಚಕ್, ವರ್ಷಗಟ್ಟಲೆ ಬಿಚ್ಚಿರಲಿಲ್ಲ. ಬ್ಯಾಕ್ ಗೇರ್ ಲಾಕ್ ಮಾಡಿ ಸುತ್ತಿಗೆಯಲ್ಲಿ ಹೊಡೆಯೋಣ ಅಂದೆ. ಯಜಮಾನರು ಕೈ ಹಿಡಿದು ನಿಲ್ಲಿಸಿದರು. ಹಾಗೆ ಮಾಡಿಯೇ ಎಷ್ಟೋ ಗೇರ್‌ಗಳ ಹಲ್ಲು ಉದುರಿವೆಯಂತೆ. ಬೆಡ್ ಮೇಲೆ ಹಲಗೆ ಇಟ್ಟರು, ಸಂದಿಗೆ ತೆಳು ಎಣ್ಣೆ ಬಿಟ್ಟು ರಾತ್ರಿ ಹಾಗೇ ಬಿಟ್ಟರು. ಬೆಳಿಗ್ಗೆ ಚಕ್‌ಗೆ ದಪ್ಪ ಆರುಮೂಲೆ ರಾಡ್ ಹಿಡಿಸಿ, ಅದಕ್ಕೆ ಉದ್ದ ಸ್ಪ್ಯಾನರ್ ಹಾಕಿ, ಬೆಲ್ಟ್ ಪುಲ್ಲಿಯನ್ನು ನಾನು ಹಿಡಿದುಕೊಂಡಾಗ ಒಂದೇ ಏಟಿಗೆ ಚುರುಕಾಗಿ ಎಳೆದರು. ಸಡಿಲಾಯಿತು. ಬೆಡ್ ಮೇಲಿನ ಹಲಗೆ ಮರೆಯಬೇಡಿ. ಚಕ್ ಬಿದ್ದರೆ ಬೆಡ್ಡಿಗೆ ಆಗುವ ಗಾಯ ವಾಸಿಯಾಗುವುದಿಲ್ಲ.

ಕಾಲುಗಳಿಗೆ ಎರಡು ದಪ್ಪ ಮರದ ದಿಮ್ಮಿಗಳನ್ನು ಅಡ್ಡಲಾಗಿ, ಕಾಲಿಗಿಂತ ಅಗಲ ಇರುವಂತೆ ಬೋಲ್ಟ್ ಮಾಡಿದೆವು. ಇದರಿಂದ ವಾಲುವ ಭಯ ಅರ್ಧ ಕಡಿಮೆಯಾಯಿತು. ಚೈನ್ ಪುಲ್ಲಿಯಲ್ಲಿ ಎತ್ತುವಾಗ ಬೆಲ್ಟ್ ಬೆಡ್ಡಿಗೆ ಮಾತ್ರ ಸುತ್ತಿದೆವು, ಲೀಡ್ ಸ್ಕ್ರೂಗೆ ತಾಗದಂತೆ ನಡುವೆ ಮರದ ತುಂಡು ಕೊಟ್ಟೆವು. ಲೀಡ್ ಸ್ಕ್ರೂ ಒಮ್ಮೆ ಬಾಗಿದರೆ ನೆಟ್ಟಗೆ ಮಾಡುವುದು ದೊಡ್ಡ ತಲೆನೋವು. ಸ್ಯಾಡಲನ್ನು ಟೈಲ್‌ಸ್ಟಾಕ್ ತುದಿಗೆ ಸರಿಸಿ ಬಿಗಿ ಮಾಡಿದ್ದರಿಂದ ಭಾರ ಸಮಕ್ಕೆ ಬಂತು. ಮೊದಲು ಒಂದು ಇಂಚು ಎತ್ತಿ ನಿಲ್ಲಿಸಿ, ಯಾವ ಕಡೆ ಜಗ್ಗುತ್ತದೆ ನೋಡಿ, ಇಳಿಸಿ, ಬೆಲ್ಟ್ ಸರಿಸಿ, ಮತ್ತೆ ಎತ್ತಿದೆವು. ನಾಲ್ಕನೇ ಸಲಕ್ಕೆ ಸರಿಹೋಯಿತು.

ನಮ್ಮ ಶೆಡ್ ಮುಂದೆ ಇಳಿಸಿದ ಮೇಲೆ ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿಕೊಂಡು ಒಳಗೆ ತಂದೆವು. ಹಾರೆಯಿಂದ ಹಿಂದಿನಿಂದ ಮೀಟುವುದು, ಮುಂದೆ ಪೈಪ್ ಕೊಡುವುದು. ಬಾಗಿಲ ಹತ್ತಿರ ಸಿಕ್ಕಿಹಾಕಿಕೊಂಡಿತು. ಬಾಗಿಲ ಅಗಲ ಅಳೆದಿದ್ದೆ, ಮೆಷಿನ್ ಅಗಲವೂ ಅಳೆದಿದ್ದೆ, ಕ್ರಾಸ್ ಸ್ಲೈಡಿನ ಹಿಡಿಕೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದನ್ನು ಬಿಚ್ಚಿ, ಬಾಗಿಲಿನ ರೆಕ್ಕೆಯನ್ನೂ ಬಿಚ್ಚಿ, ಎರಡು ಬೆರಳಿನ ಸಂದಿಯಲ್ಲಿ ಒಳಗೆ ಬಂತು. ಅವತ್ತು ರಾತ್ರಿ ಅಣ್ಣ, ನಾನು ಇಬ್ಬರೂ ಶೆಡ್ ಬಾಗಿಲಲ್ಲಿ ಸುಮ್ನೆ ಕೂತು ಅದನ್ನೇ ನೋಡುತ್ತಿದ್ದೆವು.

ತೊಳೆಯಲು ಎಂಟು ದಿನ ಹಿಡಿಯಿತು. ಸೀಮೆಎಣ್ಣೆ, ಬ್ರಷ್, ಮರದ ಕಡ್ಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಚೂರುಗಳು ಸ್ಲೈಡಿನ ಒಳಗೆ ನುಗ್ಗುತ್ತವೆ. ಬೆಡ್ ಮೇಲೆ ಎಮರಿ ಪೇಪರ್ ಕೂಡ ಬೇಡ. ತುಕ್ಕು ಇದ್ದ ಕಡೆ ಎಣ್ಣೆ ಹಾಕಿ ಬಹಳ ನಯವಾದ ನೈಲಾನ್ ಪ್ಯಾಡ್‌ನಿಂದ ಉಜ್ಜಿದೆ. ಹಳೇ ಬಣ್ಣ ಕೆರೆಯುವ ಆಸೆ ಬಂತು, ಬಿಟ್ಟೆ. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇರುತ್ತದೆ, ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸುವುದು ಒಳ್ಳೆಯದಲ್ಲ. ಬೆಡ್ ಮತ್ತು ಸ್ಲೈಡ್‌ಗಳಿಗೆ 68 ಗ್ರೇಡಿನ ಸ್ಲೈಡ್‌ವೇ ಎಣ್ಣೆ ತಂದೆ. ಲೀಡ್ ಸ್ಕ್ರೂಗೆ ಗ್ರೀಸ್ ಹಚ್ಚಬೇಡಿ ಅಂತ ಯಜಮಾನರು ಎರಡು ಸಲ ಹೇಳಿದ್ದರು. ಗ್ರೀಸ್‌ಗೆ ಚೂರು ಅಂಟಿಕೊಂಡು ಅರದ ಹಾಗೆ ನಟ್ ತಿನ್ನುತ್ತದೆ.

ನಾನು ಸ್ವಲ್ಪವೂ ನಿರೀಕ್ಷಿಸದ ತೊಡಕು ಬಂದದ್ದು ಮೋಟಾರಿನಲ್ಲಿ. ಅದು 1 ಎಚ್‌ಪಿ ತ್ರೀ ಫೇಸ್. ಮನೆಗೆ ಬರುವುದು ಸಿಂಗಲ್ ಫೇಸ್ 230 ವೋಲ್ಟ್. ವಿಎಫ್‌ಡಿ (ಮೋಟಾರ್ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡ್ರೈವ್) ಹಾಕಿದರೆ ಸಿಂಗಲ್ ಫೇಸಿನಿಂದ ತ್ರೀ ಫೇಸ್ ಸಿಗುತ್ತದೆ ಅಂತ ಗೊತ್ತಿತ್ತು. ತಂದೆ. ಜೋಡಿಸಿದೆ. ಮೋಟಾರ್ ತಿರುಗಿತು, ಆದರೆ ಕಟ್ ಕೊಟ್ಟ ಕೂಡಲೇ ನಿಂತುಹೋಗುತ್ತಿತ್ತು. ಎರಡು ದಿನ ಬೆಲ್ಟ್, ಬೇರಿಂಗ್ ಅಂತ ಹುಡುಕಿದೆ. ತಪ್ಪು ಬೇರೆ ಕಡೆ ಇತ್ತು. 230 ವೋಲ್ಟ್ ಒಳಗೆ ಹೋಗುವ ಸಾಮಾನ್ಯ ವಿಎಫ್‌ಡಿಯಿಂದ ಹೊರಗೆ ಬರುವುದೂ 230 ವೋಲ್ಟ್ ತ್ರೀ ಫೇಸ್. ನನ್ನ ಮೋಟಾರ್ 400 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ (ಒಳಗಿನ ಮೂರು ಸುರುಳಿಗಳ ಒಂದೊಂದು ತುದಿ ಒಟ್ಟಿಗೆ ಸೇರಿಸಿದ್ದು) ಇತ್ತು. ಅದನ್ನು ಡೆಲ್ಟಾ ಜೋಡಣೆಗೆ (ಒಂದು ಸುರುಳಿಯ ತುದಿ ಮುಂದಿನದಕ್ಕೆ ಸೇರಿಸಿದ್ದು) ಬದಲಾಯಿಸಿದರೆ 230 ವೋಲ್ಟಿನಲ್ಲೇ ಪೂರ್ತಿ ಬಲ ಕೊಡುತ್ತದೆ. ಮೋಟಾರಿನ ಡಬ್ಬಿಯಲ್ಲಿ ಆರು ತಂತಿ ಇದ್ದರೆ ಇದು ಐದು ನಿಮಿಷದ ಕೆಲಸ, ತಾಮ್ರದ ಪಟ್ಟಿ ಬದಲಾಯಿಸಿದರಾಯಿತು. ನನ್ನದರಲ್ಲಿ ಮೂರೇ ತಂತಿ. ಉಳಿದ ಮೂರು ತುದಿಗಳನ್ನು ವೈಂಡಿಂಗ್ ಒಳಗೇ ಸೇರಿಸಿ ಕಟ್ಟಿಬಿಟ್ಟಿದ್ದರು. ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ ಒಯ್ದೆ. ಅವರು ಒಳಗಿನ ಆ ಗಂಟು ಹುಡುಕಿ ಬಿಚ್ಚಿ ಆರು ತಂತಿ ಹೊರಗೆ ತಂದುಕೊಟ್ಟರು. ಹತ್ತು ದಿನ ಕಾದೆ. ಆದ್ದರಿಂದ ಮೆಷಿನ್ ನೋಡಲು ಹೋದಾಗಲೇ ಮೋಟಾರ್ ಡಬ್ಬಿ ತೆರೆದು ತಂತಿ ಎಣಿಸಿ, ನಾಮಫಲಕ ಓದಿ. ಎರಡು ವೋಲ್ಟೇಜ್ ಬರೆದಿದ್ದರೆ ನೆಮ್ಮದಿ.

ವಿಎಫ್‌ಡಿ ಬಗ್ಗೆ ಇನ್ನೂ ಎರಡು ಮಾತು. ಮೆಷಿನ್ನಿನ ಹಳೇ ಸ್ವಿಚ್ಚನ್ನು ವಿಎಫ್‌ಡಿ ಮತ್ತು ಮೋಟಾರ್ ನಡುವೆ ಇಡಬೇಡಿ. ಓಡುವಾಗ ಆ ಸ್ವಿಚ್ ತೆಗೆದರೆ ವಿಎಫ್‌ಡಿ ಸುಡಬಹುದು. ಹಳೇ ಸ್ವಿಚ್ಚನ್ನು ವಿಎಫ್‌ಡಿಯ ಸಣ್ಣ ಕಂಟ್ರೋಲ್ ತಂತಿಗಳಿಗೆ ಕೊಡಿ. ನಿಲ್ಲಿಸುವಾಗ ಗಕ್ಕನೆ ನಿಲ್ಲುವಂತೆ ಇಡಬೇಡಿ. ಥ್ರೆಡ್‌ನಿಂದ ಹಾಕಿದ ಚಕ್ ತನ್ನ ಓಟದಲ್ಲೇ ಬಿಚ್ಚಿಕೊಂಡು ಬರುತ್ತದೆ. ಅದೇ ಕಾರಣಕ್ಕೆ ರಿವರ್ಸ್‌ನಲ್ಲಿ ಕಟ್ ಮಾಡುವುದೂ ಬೇಡ. ವೈರಿಂಗನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ, ಅರ್ಥಿಂಗ್ ಸಮೇತ.

ಆಮೇಲೆ ಲೆವೆಲ್. ಇದು ತಾಳ್ಮೆಯ ಕೆಲಸ. ಬೆಡ್ ನೋಡಲು ಬಂಡೆಯಂತೆ ಕಂಡರೂ ಒಂದು ಕಾಲು ಸ್ವಲ್ಪ ಎತ್ತರ ಇದ್ದರೆ ತಿರುಚಿಕೊಳ್ಳುತ್ತದೆ. ತಿರುಚಿದರೆ ರಾಡ್ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗುತ್ತದೆ. ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ ಗೆಳೆಯನ ಕಾರ್ಖಾನೆಯಿಂದ ಒಂದು ದಿನಕ್ಕೆ ಸಿಕ್ಕಿತು. ಅದು ಇಲ್ಲದವರೂ ಹೆದರಬೇಕಿಲ್ಲ. ನಿಜವಾದ ಪರೀಕ್ಷೆ ಕಟ್ ಮಾಡಿ ನೋಡುವುದೇ. 40 ಮಿ.ಮೀ. ರಾಡ್ ಹಿಡಿಸಿ 150 ಮಿ.ಮೀ. ಹೊರಗೆ ಬಿಟ್ಟೆ. ನಡುವೆ ಸ್ವಲ್ಪ ಸಣ್ಣ ಮಾಡಿ ಎರಡು ತುದಿಯಲ್ಲಿ ಉಂಗುರದ ಹಾಗೆ ಬಿಟ್ಟೆ. ಒಂದೇ ಸೆಟ್ಟಿಂಗ್‌ನಲ್ಲಿ, ಬಹಳ ತೆಳು ಕಟ್‌ನಲ್ಲಿ ಎರಡೂ ಉಂಗುರ ಹೊಡೆದು ಅಳೆದೆ. ಟೈಲ್‌ಸ್ಟಾಕ್ ಕಡೆಯದು 0.04 ದಪ್ಪ. ಅಂದರೆ ಆ ತುದಿಯಲ್ಲಿ ಟೂಲ್ ನನ್ನ ಕಡೆಗೆ ವಾಲುತ್ತಿದೆ. ಆ ತುದಿಯ ಮುಂದಿನ ಕಾಲಿನ ಕೆಳಗೆ ತೆಳು ತಗಡು ಕೊಟ್ಟು ಬೋಲ್ಟ್ ಬಿಗಿ ಮಾಡಿದೆ. 0.025 ಆಯಿತು. ಮತ್ತೊಂದು ತಗಡು. ಮೂರು ಸಂಜೆ ಇದೇ ಕೆಲಸ. ಕೊನೆಗೆ 0.008ಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದೆ. ತೆಳು ರಾಡ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ. ರಾಡ್ ತಾನೇ ಬಾಗಿ ತುದಿ ದಪ್ಪ ಬರುತ್ತದೆ, ನೀವು ಬೆಡ್ಡಿಗೆ ಬೈಯುತ್ತೀರಿ.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಮೆಷಿನ್ನಿಗೆ ಕೊಟ್ಟದ್ದು 100 ಅಂತ ಇಟ್ಟುಕೊಂಡರೆ, ಸಾಗಣೆಗೆ 14 ಆಯಿತು. ವಿಎಫ್‌ಡಿ, ಮೋಟಾರ್ ರಿಪೇರಿ, ವೈರಿಂಗ್ ಸೇರಿ 22. ಎಣ್ಣೆ, ಬೆಲ್ಟ್, ಬೋಲ್ಟ್, ತಗಡು 6. ಮೂರು ಗೇರ್ ಮಾಡಿಸಲು 9. ಟೂಲ್‌ಗಳು, ಡ್ರಿಲ್ ಚಕ್, ತಿರುಗುವ ಸೆಂಟರ್, ಒಂದು ಬೆಂಚ್ ಗ್ರೈಂಡರ್, ಅಳತೆ ಸಾಮಾನು ಸೇರಿ ಇಲ್ಲಿಯವರೆಗೆ 41. ಒಟ್ಟು 192. ಕೈಯಲ್ಲಿ ಇರುವ ಎಲ್ಲ ಹಣವನ್ನೂ ಮೆಷಿನ್ನಿಗೇ ಕೊಟ್ಟಿದ್ದರೆ ಅದು ಇನ್ನೂ ಶೆಡ್‌ನಲ್ಲಿ ಸುಮ್ನೆ ನಿಂತಿರುತ್ತಿತ್ತು. ಅರ್ಧ ಹಣ ಪಕ್ಕಕ್ಕಿಡಿ. ಶುರುವಿನಲ್ಲಿ ಕಾರ್ಬೈಡ್ ಟೂಲ್‌ಗಳ ದೊಡ್ಡ ಸೆಟ್ ಬೇಡ. ನಾಲ್ಕು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ತಂದು ಗ್ರೈಂಡ್ ಮಾಡುವುದನ್ನು ಕಲಿಯಿರಿ. ಹಳೇ ಮೆಷಿನ್ನಿನ ಸ್ಪೀಡಿಗೂ ಅದೇ ಚೆನ್ನಾಗಿ ಹೊಂದುತ್ತದೆ.

ಶೆಡ್ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ: ಗ್ಲೌಸ್ ಇಲ್ಲ, ಉದ್ದ ತೋಳು ಇಲ್ಲ, ಉಂಗುರ ಇಲ್ಲ, ಕನ್ನಡಕ ಇಲ್ಲದೆ ಸ್ವಿಚ್ ಇಲ್ಲ, ಚಕ್ ಕೀಯಿಂದ ಕೈ ತೆಗೆಯುವುದಾದರೆ ಕೀ ಚಕ್‌ನಲ್ಲಿ ಇಲ್ಲ. ಕೈ ರಕ್ಷಣೆಗೆ ಗ್ಲೌಸ್ ಒಳ್ಳೆಯದಲ್ವಾ ಅಂತ ಹಲವರು ಕೇಳಿದರು. ತಿರುಗುವ ಮೆಷಿನ್ ಮುಂದೆ ಅಲ್ಲ. ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಉದ್ದ ಸುರುಳಿಯಾಗಿ ಬರುವ ಚೂರನ್ನು ಕೈಯಲ್ಲಿ ಎಳೆಯಬೇಡಿ, ಮೆಷಿನ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ.

ಮೊದಲು ಮಾಡಿದ್ದು ಒಂದು ಹಿತ್ತಾಳೆ ಬುಷ್. ಹೊರಗೆ 30, ಒಳಗೆ 20, ಉದ್ದ 35 ಮಿ.ಮೀ. ಅಳತೆ 0.01ರ ಒಳಗೆ ಬಂತು. ಭಾನುವಾರ ಅದನ್ನು, ಜೊತೆಗೆ ಒಳಗೆ ತೂತು ಕೊರೆಯುವ ಮೊದಲು ಕತ್ತರಿಸಿ ತೆಗೆದ ರಾಡಿನ ತುದಿಯನ್ನೂ ಜೇಬಿಗೆ ಹಾಕಿಕೊಂಡು ಯಜಮಾನರ ಮನೆಗೆ ಹೋದೆ. ಬುಷ್ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ಸವರಿದರು. ಮುಖದ ಮೇಲೆ ಸಂತೋಷ ಕಾಣಿಸಿತು. ಆಮೇಲೆ ರಾಡಿನ ತುದಿಯ ಮುಖದ ಮೇಲೆ ಹೆಬ್ಬೆರಳು ಇಟ್ಟರು. ನಟ್ಟನಡುವೆ ಸಾಸಿವೆಗಿಂತ ಸಣ್ಣ ಒಂದು ಮೊಳಕೆ ಉಳಿದಿತ್ತು.

"ಟೂಲ್ ಸೆಂಟರ್‌ಗಿಂತ ಕೆಳಗಿದೆ" ಅಂದರು. "ಕಾಲು ಮಿಲಿ ತಗಡು ಕೊಡು."

ಮನೆಗೆ ಬಂದು ಟೂಲ್ ಕೆಳಗೆ 0.25ರ ತಗಡು ಕೊಟ್ಟೆ. ಮುಖ ಹೊಡೆದು ನೋಡಿದರೆ ನಡುವೆ ಏನೂ ಉಳಿದಿರಲಿಲ್ಲ.